ಬೆಸುಗೆಗೆ ಕಿವಿಗೊಡಿ: ಪ್ರಕಾರಗಳ ಗಡಿ ದಾಟುವ ಅವಾಂತ್-ಗಾರ್ಡ್ ಸಂಗೀತವನ್ನು ಕೇಳುವ ಕ್ರಮ

ಒಂದೇ ಕೃತಿಯಲ್ಲಿ ಜಾಝ್‌ನ ಸ್ಯಾಕ್ಸೊಫೋನ್, ರಾಕ್‌ನ ಗಿಟಾರ್, ರೈಲಿನ ಸದ್ದು, ಯಾರದೋ ಮಾತಿನ ತುಣುಕು ಎಲ್ಲವೂ ಒಟ್ಟಾಗಿ ಕೇಳಿಬಂದಾಗ, ಹೊಸ ಕೇಳುಗರ ಮನಸ್ಸಿನಲ್ಲಿ ಮೊದಲು ಏಳುವುದು ‘ಇದು ಯಾವ ಪ್ರಕಾರದ ಸಂಗೀತ?’ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತ ಕುಳಿತವರಿಗೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೇಸರ ಹತ್ತುತ್ತದೆ, ಏಕೆಂದರೆ ಆ ಉತ್ತರ ಸಿಗದಂತೆ ನೋಡಿಕೊಳ್ಳುವುದೇ ಅವಾಂತ್-ಗಾರ್ಡ್, ಅಂದರೆ ರೂಢಿಯನ್ನು ಮುರಿದು ಪ್ರಯೋಗ ಮಾಡುವ, ಸಂಗೀತಗಾರರ ಉದ್ದೇಶಗಳಲ್ಲಿ ಒಂದು. ಅದಕ್ಕಿಂತ ಫಲ ಕೊಡುವ ಪ್ರಶ್ನೆ ಬೇರೆ ಇದೆ: ಒಂದು ಬಗೆಯ ಸಂಗೀತ ಇನ್ನೊಂದನ್ನು ಸೇರುವ ಜಾಗದಲ್ಲಿ, ಅಂದರೆ ಬೆಸುಗೆ ಬಿದ್ದಲ್ಲಿ, ನಿಜಕ್ಕೂ ಏನು ನಡೆಯುತ್ತಿದೆ? ಸಂಯೋಜಕರು ಆ ಜಾಗವನ್ನು ಮುಚ್ಚಿದ್ದಾರೆಯೇ, ಬೇಕೆಂದೇ ತೆರೆದಿಟ್ಟಿದ್ದಾರೆಯೇ, ಅಥವಾ ಎರಡನ್ನೂ ಒಂದರ ಮೇಲೊಂದು ಹೇರಿ ತೀರ್ಪನ್ನು ಕೇಳುಗರಿಗೇ ಬಿಟ್ಟಿದ್ದಾರೆಯೇ? ಈ ಮಾರ್ಗದರ್ಶಿಯ ಹಂತಗಳೆಲ್ಲ ಆ ಒಂದು ಪ್ರಶ್ನೆಯನ್ನು ಕಿವಿಗೆ ಅಭ್ಯಾಸ ಮಾಡಿಸುವುದಕ್ಕಾಗಿಯೇ ಇವೆ. ಸಂಗೀತಶಾಸ್ತ್ರದ ಓದು ಇದಕ್ಕೆ ಬೇಕಿಲ್ಲ. ಒಂದೇ ಕೃತಿಯನ್ನು ಎರಡು ಮೂರು ಬಾರಿ ಕೇಳುವ ವ್ಯವಧಾನ ಮಾತ್ರ ಬೇಕು.

ಹಂತ 1: ಕೇಳುವ ಏರ್ಪಾಟು

ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಈ ಸಂಗೀತದ ಅರ್ಧ ಭಾಗವೂ ಕೇಳಿಸುವುದಿಲ್ಲ. ಸಾಧಾರಣ ಗುಣಮಟ್ಟದ್ದಾದರೂ ಸರಿ, ಎಡ ಬಲಗಳನ್ನು ಬೇರ್ಪಡಿಸಿ ಕೊಡುವ ಹೆಡ್‌ಫೋನ್ ಇರಲಿ. ಐದನೆಯ ಹಂತದಲ್ಲಿ ಅದಿಲ್ಲದೆ ಕೆಲಸವೇ ಆಗದು. ಸಂಗೀತದ ಆ್ಯಪ್‌ನಲ್ಲಿ ಹಾಡುಗಳನ್ನು ಅಡ್ಡಾದಿಡ್ಡಿ ನುಡಿಸುವ ಶಫಲ್ ಮತ್ತು ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಕಲಸುವ ಕ್ರಾಸ್‌ಫೇಡ್ ಸೌಲಭ್ಯಗಳೆರಡನ್ನೂ ನಿಲ್ಲಿಸಿ. ಸಂಯೋಜಕರು ಹಾಕಿದ ಬೆಸುಗೆಯನ್ನು ಹುಡುಕಲು ಹೊರಟವರಿಗೆ ಯಂತ್ರ ಹಾಕಿದ ಬೆಸುಗೆ ಅಡ್ಡಿಯಾಗಬಾರದು. ಧ್ವನಿಯ ಮಟ್ಟವನ್ನು ಕೃತಿಯ ಅತಿ ಜೋರಾದ ಭಾಗಕ್ಕೆ ಹೊಂದಿಸಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಪಿಸುಮಾತಿನಂಥ ಭಾಗದ ಬೆನ್ನಿಗೇ ಕಿರುಚಾಟ ಬರುವುದು ಇಲ್ಲಿ ಅಪರೂಪವಲ್ಲ, ಮತ್ತು ಪ್ರಯೋಗ ಎಷ್ಟೇ ದೊಡ್ಡದಾದರೂ ಅದಕ್ಕೆ ಕಿವಿಯ ಆರೋಗ್ಯವನ್ನು ಬಲಿಕೊಡಬೇಕಾದ್ದಿಲ್ಲ.

ಹಂತ 2: ನಿಧಾನವಾಗಿ ಬದಲಾಗುವುದರಿಂದ ಆರಂಭಿಸಿ

ಹೆಚ್ಚಿನವರು ಅತಿ ಗದ್ದಲದ ಆಲ್ಬಮ್‌ನಿಂದ ಆರಂಭಿಸಿ ಅಲ್ಲೇ ಕೈಬಿಡುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಬದಲಾವಣೆ ಎಷ್ಟು ನಿಧಾನವೋ ಅಷ್ಟು ಚೆನ್ನಾಗಿ ಕಿವಿ ಅದನ್ನು ಹಿಂಬಾಲಿಸಲು ಕಲಿಯುತ್ತದೆ. ಆದ್ದರಿಂದ ಪುನರಾವರ್ತನೆಯನ್ನೇ ನೆಚ್ಚಿಕೊಂಡ ಕೃತಿಗಳು ಮೊದಲ ಪಾಠಕ್ಕೆ ತಕ್ಕವು.

ಅಮೆರಿಕದ ಸಂಯೋಜಕ ಟೆರ್ರಿ ರೈಲಿ 1964ರಲ್ಲಿ ರಚಿಸಿದ ‘ಇನ್ ಸಿ’ ಕೃತಿಯ ಸ್ವರಲಿಪಿ ಒಂದೇ ಪುಟದಲ್ಲಿ ಮುಗಿಯುತ್ತದೆ. ಅದರಲ್ಲಿರುವುದು 53 ಪುಟ್ಟ ಸ್ವರಗುಚ್ಛಗಳು. ಎಷ್ಟು ಮಂದಿ ನುಡಿಸಬೇಕು, ಯಾವ ವಾದ್ಯ ಬಳಸಬೇಕು ಎಂಬ ಕಟ್ಟುಪಾಡಿಲ್ಲ. ಪ್ರತಿಯೊಬ್ಬರೂ ಒಂದೊಂದು ಗುಚ್ಛವನ್ನು ತಮಗೆ ಬೇಕೆನಿಸಿದಷ್ಟು ಸಲ ನುಡಿಸಿ ಮುಂದಿನದಕ್ಕೆ ಹೋಗುತ್ತಾರೆ. ಆದರೆ ಉಳಿದವರಿಗಿಂತ ಎರಡು ಮೂರು ಗುಚ್ಛಗಳಿಗಿಂತ ಹೆಚ್ಚು ಮುಂದೆ ಓಡಬಾರದು, ಹಿಂದೆ ಉಳಿಯಲೂಬಾರದು. ಎಲ್ಲರನ್ನೂ ಹಿಡಿದಿಡುವುದಕ್ಕೆ ತಾರಸ್ಥಾಯಿಯ ಒಂದೇ ಸ್ವರ ಉದ್ದಕ್ಕೂ ಒಂದೇ ಲಯದಲ್ಲಿ ಮಿಡಿಯುತ್ತಿರುತ್ತದೆ; ಈ ಉಪಾಯವನ್ನು ಸೂಚಿಸಿದವರು ಮೊದಲ ಪ್ರದರ್ಶನದಲ್ಲಿ ನುಡಿಸಿದ್ದ ಇನ್ನೊಬ್ಬ ಸಂಯೋಜಕ ಸ್ಟೀವ್ ರೈಕ್. ಕೇಳುವಾಗ ಆ ಮಿಡಿತವನ್ನು ಆಧಾರಶ್ರುತಿಯಂತೆ ಹಿನ್ನೆಲೆಗೆ ಬಿಟ್ಟು, ಯಾವುದಾದರೂ ಒಂದು ವಾದ್ಯವನ್ನು ಹಿಡಿದು ಅದರ ಜೊತೆ ಸಾಗಿ. ಆ ವಾದ್ಯ ಹೊಸ ಗುಚ್ಛಕ್ಕೆ ದಾಟಿದ ಕ್ಷಣದಲ್ಲಿ ಸುತ್ತಲಿನದೆಲ್ಲ ಬಣ್ಣ ಬದಲಿಸಿದಂತೆ ಕೇಳಿಸುತ್ತದೆ, ಆದರೆ ಉಳಿದ ವಾದ್ಯಗಳು ಏನನ್ನೂ ಬದಲಿಸಿರುವುದಿಲ್ಲ. ಬರೆದ ಸಂಗೀತ ಮತ್ತು ಆಶುಸಂಗೀತಗಳ ನಡುವಿನ ಬೆಸುಗೆ ಇಲ್ಲಿ ಎಲ್ಲೋ ಒಂದೆಡೆ ಇರದೆ ಇಡೀ ಕೃತಿಯಲ್ಲಿ ಹರಡಿಕೊಂಡಿದೆ.

ಇದೇ ತತ್ತ್ವವನ್ನು ಮನೆಯಲ್ಲೇ ಪರೀಕ್ಷಿಸಬಹುದು, ಮತ್ತು ಪುಟಗಟ್ಟಲೆ ವಿವರಣೆಗಿಂತ ಈ ಪ್ರಯೋಗ ಹೆಚ್ಚು ಕಲಿಸುತ್ತದೆ. ಸ್ಟೀವ್ ರೈಕ್ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಚೌಕದಲ್ಲಿ ಧರ್ಮಬೋಧಕನೊಬ್ಬ ನೋಹನ ಪ್ರಳಯದ ಬಗ್ಗೆ ಉಪದೇಶಿಸುತ್ತಿದ್ದುದನ್ನು ಧ್ವನಿಮುದ್ರಿಸಿಕೊಂಡಿದ್ದರು. 1965ರಲ್ಲಿ ಅದರ ಒಂದು ತುಣುಕನ್ನು ಎರಡು ಟೇಪ್ ಯಂತ್ರಗಳಲ್ಲಿ ಸುತ್ತು ಸುತ್ತಾಗಿ ಓಡಿಸಿದಾಗ, ಯಂತ್ರಗಳ ವೇಗದಲ್ಲಿದ್ದ ಅಲ್ಪ ವ್ಯತ್ಯಾಸದಿಂದ ಎರಡೂ ದನಿಗಳು ಮೆಲ್ಲಗೆ ಒಂದರಿಂದೊಂದು ಜಾರತೊಡಗಿದವು. ಆ ಜಾರುವಿಕೆಯೇ ಕೃತಿಯ ವಿಧಾನವಾಯಿತು. ನೀವು ಹೀಗೆ ಮಾಡಿ: ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ನಿಮ್ಮದೇ ದನಿಯ ಒಂದು ಪುಟ್ಟ ವಾಕ್ಯವನ್ನು ಮುದ್ರಿಸಿ, ಸರಿಯಾಗಿ 2 ಸೆಕೆಂಡಿನಷ್ಟನ್ನು ಕತ್ತರಿಸಿಕೊಳ್ಳಿ. ಅದರ ನಕಲೊಂದನ್ನು ಎರಡನೆಯ ಟ್ರ್ಯಾಕ್‌ನಲ್ಲಿಟ್ಟು, ಕೊನೆಯಿಂದ ಸೆಕೆಂಡಿನ ನೂರನೆಯ ಒಂದು ಭಾಗವನ್ನು ಮಾತ್ರ ಕತ್ತರಿಸಿ 1.99 ಸೆಕೆಂಡಿಗೆ ಇಳಿಸಿ. ಮೊದಲನೆಯದನ್ನು ಎಡಕ್ಕೆ, ಎರಡನೆಯದನ್ನು ಬಲಕ್ಕೆ ಸರಿಸಿ, ಎರಡನ್ನೂ 200 ಸಲ ಪುನರಾವರ್ತಿಸುವಂತೆ ಮಾಡಿ ನುಡಿಸಿ. ಮೊದಲ ಕೆಲವು ಸುತ್ತುಗಳಲ್ಲಿ ದನಿ ದಪ್ಪಗಾದಂತೆ ಕೇಳಿಸುತ್ತದೆ. ಐದಾರು ಸುತ್ತು ಕಳೆದ ಮೇಲೆ ಅದು ಪ್ರತಿಧ್ವನಿಯಾಗುತ್ತದೆ. ಇನ್ನೂ ಮುಂದೆ ಹೋದಂತೆ ವ್ಯಂಜನಗಳು ಒಂದಕ್ಕೊಂದು ಹೆಣೆದುಕೊಂಡು, ನೀವು ಎಂದೂ ನುಡಿಸದ ತಾಳವೊಂದು ಹುಟ್ಟುತ್ತದೆ. ನೂರನೆಯ ಸುತ್ತಿನ ಆಸುಪಾಸಿನಲ್ಲಿ ಎರಡು ದನಿಗಳು ಗರಿಷ್ಠ ದೂರದಲ್ಲಿರುತ್ತವೆ, ಮತ್ತು ಸುಮಾರು 6 ನಿಮಿಷ 38 ಸೆಕೆಂಡಿಗೆ ಮತ್ತೆ ಒಂದಾಗುತ್ತವೆ. ಮಾತು ಯಾವ ಕ್ಷಣದಲ್ಲಿ ಸಂಗೀತವಾಯಿತು ಎಂದು ಬೆರಳಿಟ್ಟು ತೋರಿಸಲು ಪ್ರಯತ್ನಿಸಿ. ಪ್ರತಿ ಸಲವೂ ಬೇರೆ ಬೇರೆ ಕ್ಷಣವನ್ನು ತೋರಿಸುತ್ತೀರಿ.

ಹಂತ 3: ಕತ್ತರಿಯ ಗುರುತನ್ನು ಹುಡುಕಿ

ಪ್ರಕಾರಗಳು ಬೆರೆತದ್ದು ವೇದಿಕೆಯ ಮೇಲೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಧ್ವನಿಮುದ್ರಣದ ಕೋಣೆಯಲ್ಲಿ, ಟೇಪನ್ನು ಕತ್ತರಿಸಿ ಅಂಟಿಸಿದ ಮೇಜಿನ ಮೇಲೆ ಬೆರೆತದ್ದು ಅದಕ್ಕಿಂತ ಕಡಿಮೆಯೇನಲ್ಲ. ಫ್ರೆಂಚ್ ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಪಿಯೆರ್ ಶೆಫೆರ್ 1948ರಲ್ಲಿ ರೈಲಿನ ಸದ್ದುಗಳನ್ನೇ ಜೋಡಿಸಿ ಕೃತಿ ರಚಿಸಿದಾಗ ಅವರ ಕೈಯಲ್ಲಿದ್ದುದು ಟೇಪ್ ಕೂಡ ಅಲ್ಲ, ಗ್ರಾಮೊಫೋನ್ ತಟ್ಟೆಗಳು. 1956ರ ಹೊತ್ತಿಗೆ ಜರ್ಮನಿಯ ಸಂಯೋಜಕ ಕಾರ್ಲ್‌ಹೈಂಜ್ ಸ್ಟಾಕ್‌ಹೌಸೆನ್ ಬಾಲಕನೊಬ್ಬನ ಹಾಡುವ ದನಿಯನ್ನೂ ಯಂತ್ರದಿಂದ ಹುಟ್ಟಿಸಿದ ಸ್ವರಗಳನ್ನೂ ಒಂದೇ ಹರಿವಿನಲ್ಲಿ ಸೇರಿಸಿದ್ದರು.

ಈ ತಂತ್ರ ಜಾಝ್ ಮತ್ತು ರಾಕ್‌ಗೆ ದಾಟಿದ ಬಗೆ ಕುತೂಹಲಕಾರಿಯಾದದ್ದು. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಬಿಚಸ್ ಬ್ರೂ’ ಆಲ್ಬಮ್‌ನ ಬಹುಭಾಗವನ್ನು 1969ರ ಆಗಸ್ಟ್ 19ರಿಂದ 21ರವರೆಗೆ ಮೂರು ದಿನ ನ್ಯೂಯಾರ್ಕ್‌ನಲ್ಲಿ ಮುದ್ರಿಸಲಾಯಿತು, ಮತ್ತು ಆಲ್ಬಮ್ 1970ರಲ್ಲಿ ಹೊರಬಂತು. ಒಂದಕ್ಕಿಂತ ಹೆಚ್ಚು ಎಲೆಕ್ಟ್ರಿಕ್ ಪಿಯಾನೊ, ಒಂದಕ್ಕಿಂತ ಹೆಚ್ಚು ಡ್ರಮ್ಸ್, ಎರಡು ಬಾಸ್ ಮತ್ತು ಬಾಸ್ ಕ್ಲಾರಿನೆಟ್ ಒಟ್ಟಿಗೆ ನುಡಿಯುವ ಈ ಸಂಗೀತ ಎಡೆಬಿಡದ ಆಶುವಾದನದಂತೆ ಕೇಳಿಸುತ್ತದೆ. ನಿರ್ಮಾಪಕ ಟಿಯೊ ಮ್ಯಾಸೆರೊ ಅದನ್ನು ತುಣುಕು ತುಣುಕಾಗಿ ಕತ್ತರಿಸಿ ಮರುಜೋಡಿಸಿದ್ದಾರೆ ಎಂದು ಗೊತ್ತಾದ ಮೇಲೆ ಆಲ್ಬಮ್‌ನ ಮೊದಲ ಕೃತಿ ‘ಫೇರೋಸ್ ಡಾನ್ಸ್’ ಅನ್ನು ಮತ್ತೊಮ್ಮೆ ಕೇಳಬೇಕು. ಒಂಬತ್ತನೆಯ ನಿಮಿಷ ಸಮೀಪಿಸುವಾಗ ಒಂದು ಪುಟ್ಟ ಚೂರು ಪಟ್ಟುಹಿಡಿದಂತೆ ಮತ್ತೆ ಮತ್ತೆ ಬರುತ್ತದೆ. ಅದು ವಾದಕರ ಕೈಯಿಂದ ಬಂದದ್ದಲ್ಲ, ಕತ್ತರಿಯಿಂದ ಬಂದದ್ದು. ಆ ಒಂದನ್ನು ಗುರುತಿಸಿದ ಮೇಲೆ ಉಳಿದವು ತಾವಾಗಿಯೇ ಕಿವಿಗೆ ಬೀಳತೊಡಗುತ್ತವೆ: ಡ್ರಮ್ಸ್‌ನ ಲೋಹದ ತಟ್ಟೆಯ (ಸಿಂಬಲ್) ಮೊಳಗು ಅರ್ಧಕ್ಕೆ ತುಂಡಾಗುವುದು, ಕೋಣೆಯ ಗುಂಗು ಒಮ್ಮೆಲೇ ಬದಲಾಗುವುದು, ಒಂದು ವಾದ್ಯ ವಿದಾಯ ಹೇಳದೆ ಮಾಯವಾಗುವುದು.

ಜರ್ಮನಿಯ ಕಲೋನ್‌ನಲ್ಲಿ 1968ರಲ್ಲಿ ಹುಟ್ಟಿದ ‘ಕ್ಯಾನ್’ ತಂಡದ ಕ್ರಮವೂ ಇದಕ್ಕೆ ಹತ್ತಿರದ್ದು. ಹೋಲ್ಗರ್ ಚುಕೈ ಮತ್ತು ಇರ್ಮಿನ್ ಶ್ಮಿಟ್ ಇಬ್ಬರೂ ಸ್ಟಾಕ್‌ಹೌಸೆನ್ ಅವರ ಶಿಷ್ಯರು. ಡ್ರಮ್ಸ್ ನುಡಿಸುತ್ತಿದ್ದ ಯಾಕಿ ಲೀಬೆಟ್ಸೈಟ್ ಫ್ರೀ ಜಾಝ್‌ನಿಂದ, ಅಂದರೆ ನಿಗದಿತ ಚೌಕಟ್ಟಿಲ್ಲದ ಆಶುವಾದನದ ಜಾಝ್‌ನಿಂದ, ಬಂದವರು. ಗಂಟೆಗಟ್ಟಲೆ ನುಡಿಸಿ ಮುದ್ರಿಸಿಕೊಂಡದ್ದನ್ನು ಚುಕೈ ಕತ್ತರಿಸಿ ಅಂಟಿಸುತ್ತಿದ್ದರು. 1971ರ ‘ಟಾಗೊ ಮಾಗೊ’ ಆಲ್ಬಮ್‌ನಲ್ಲಿ ಬೆಸುಗೆಗಳು ಕೇಳಿಸುವುದು ಕಷ್ಟ, ಏಕೆಂದರೆ ಲೀಬೆಟ್ಸೈಟ್ ಅವರ ಲಯ ಗಡಿಯಾರದಷ್ಟು ನಿಖರವಾಗಿ ಮುಂದುವರಿಯುತ್ತ ಹೊಲಿಗೆಯನ್ನೆಲ್ಲ ಮರೆಮಾಡುತ್ತದೆ. ಯಾವ ಅಂಶ ಬದಲಾಗದೆ ಉಳಿದು ಬದಲಾವಣೆಗಳಿಗೆ ಹಾದಿ ಮಾಡಿಕೊಡುತ್ತಿದೆ ಎಂದು ಗಮನಿಸುವುದು ಈ ಹಂತದ ನಿಜವಾದ ಅಭ್ಯಾಸ.

ಹಂತ 4: ಜಿಗಿತಗಳ ಹಿಂದಿನ ನಿಯಮ

ಈಗ ಗದ್ದಲಕ್ಕೆ ಬರಬಹುದು. ಅಮೆರಿಕದ ಸ್ಯಾಕ್ಸೊಫೋನ್ ವಾದಕ, ಸಂಯೋಜಕ ಜಾನ್ ಝೋರ್ನ್ ಅವರ ‘ನೇಕೆಡ್ ಸಿಟಿ’ ತಂಡದಲ್ಲಿ ಬಿಲ್ ಫ್ರಿಸೆಲ್, ವೇಯ್ನ್ ಹೊರ್ವಿಟ್ಸ್, ಫ್ರೆಡ್ ಫ್ರಿತ್, ಜೋಯಿ ಬ್ಯಾರನ್ ನುಡಿಸಿದರೆ, ಜಪಾನಿನ ಯಮತ್ಸುಕ ಐ ಕಿರುಚುತ್ತಾರೆ. ‘ಹಾಡುತ್ತಾರೆ’ ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ತಂಡದ ಮೊದಲ ಆಲ್ಬಮ್‌ನಲ್ಲಿ 26 ಕೃತಿಗಳಿದ್ದು, ಹಲವು ಒಂದು ನಿಮಿಷವನ್ನೂ ಮುಟ್ಟುವುದಿಲ್ಲ. ಸರ್ಫ್ ಸಂಗೀತ, ಹಾರ್ಡ್‌ಕೋರ್ ಪಂಕ್, ಕಂಟ್ರಿ, ಹಳೆಯ ಪತ್ತೇದಾರಿ ಚಿತ್ರಗಳ ಹಿನ್ನೆಲೆ ಸಂಗೀತ ಎಲ್ಲವೂ ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಂದನ್ನೊಂದು ತಳ್ಳಿಕೊಂಡು ಬರುತ್ತವೆ. ಮುಖಪುಟಗಳ ಚಿತ್ರಗಳು ಬೇಕೆಂದೇ ಕ್ರೂರವಾಗಿವೆ. ಮಕ್ಕಳಿರುವ ಮನೆಯಲ್ಲಿ ಪರದೆಯ ಮೇಲೆ ತೆರೆದಿಡದಿರುವುದು ಲೇಸು.

ಇಷ್ಟೊಂದು ಜಿಗಿತಗಳನ್ನು ಸಹಿಸಿಕೊಳ್ಳುವ ದಾರಿ ಯಾವುದು? ಝೋರ್ನ್ ಅವರೇ ಮೆಚ್ಚಿಕೊಂಡ ಮೂಲವೊಂದು ಇದಕ್ಕೆ ನೆರವಾಗುತ್ತದೆ. ಅಮೆರಿಕದ ಹಳೆಯ ಕಾರ್ಟೂನ್ ಚಿತ್ರಗಳಿಗೆ ಸಂಗೀತ ಬರೆದ ಕಾರ್ಲ್ ಸ್ಟಾಲಿಂಗ್, ಪರದೆಯ ಮೇಲಿನ ಚಲನೆಗೆ ತಕ್ಕಂತೆ ಕ್ಷಣಕ್ಷಣಕ್ಕೂ ಸಂಗೀತದ ಶೈಲಿಯನ್ನೇ ಬದಲಿಸುತ್ತಿದ್ದರು. ಕಾರ್ಟೂನ್ ನೋಡುವಾಗ ಯಾರೂ ಆ ಜಿಗಿತಗಳ ಬಗ್ಗೆ ದೂರುವುದಿಲ್ಲ, ಏಕೆಂದರೆ ಚಿತ್ರ ಕಣ್ಣಮುಂದಿದೆ. ಝೋರ್ನ್ ಮಾಡಿದ್ದು ಚಿತ್ರವನ್ನು ತೆಗೆದುಹಾಕಿ ಜಿಗಿತವನ್ನು ಮಾತ್ರ ಉಳಿಸಿಕೊಂಡದ್ದು. ಆದ್ದರಿಂದ ರಾಗ, ಪಲ್ಲವಿಗಳನ್ನು ಅರಸದೆ ದೃಶ್ಯಗಳನ್ನು ಕೇಳಿ: ಪ್ರತಿ ತುಣುಕು ಎಷ್ಟು ಹೊತ್ತು ಉಳಿಯಿತು, ಹಿಂದಿನದಕ್ಕಿಂತ ಮುಂದಿನದು ಎಷ್ಟು ದೂರದ್ದು, ಯಾವುದು ಮರಳಿ ಬಂತು. ಮೂರನೆಯ ಬಾರಿ ಕೇಳುವ ಹೊತ್ತಿಗೆ ತುಣುಕುಗಳ ಉದ್ದದಲ್ಲೇ ಒಂದು ಲಯವಿದೆ ಎಂದು ತಿಳಿದುಬರುತ್ತದೆ.

ಇದೇ ಸಂಯೋಜಕರ ‘ಕೋಬ್ರಾ’ 1984ರದ್ದು. ಅದು ಕೃತಿಯೂ ಹೌದು, ಆಟವೂ ಹೌದು. ಅದರಲ್ಲಿ ಸ್ವರಗಳನ್ನು ಬರೆದಿಲ್ಲ, ಯಾರು ಯಾವಾಗ ಯಾರೊಂದಿಗೆ ನುಡಿಸಬೇಕು ಎಂಬ ನಿಯಮಗಳು ಮಾತ್ರ ಇವೆ. ವಾದಕರು ಕಿವಿ, ಮೂಗು, ಬಾಯಿ ಇತ್ಯಾದಿಗಳನ್ನು ಮುಟ್ಟಿ, ಬೆರಳುಗಳಿಂದ ಸಂಖ್ಯೆ ತೋರಿಸಿ ಸೂಚನೆ ಕೊಡುತ್ತಾರೆ; ಎದುರಿಗಿರುವ ಸೂತ್ರಧಾರ ಅದಕ್ಕೆ ಸಂಬಂಧಿಸಿದ ಬಣ್ಣದ ಚೀಟಿಯನ್ನು ಎತ್ತಿ ಹಿಡಿಯುತ್ತಾರೆ; ಚೀಟಿ ಕೆಳಗಿಳಿದ ಕ್ಷಣಕ್ಕೆ ಎಲ್ಲವೂ ಬದಲಾಗುತ್ತದೆ. ತಲೆಗೆ ಪಟ್ಟಿ ಕಟ್ಟಿಕೊಂಡ ವಾದಕ ಬಂಡಾಯಗಾರನಾಗಿ ಸೂತ್ರಧಾರನ ಆಣತಿಯನ್ನು ಮೀರಬಹುದು. ಧ್ವನಿಮುದ್ರಿಕೆಗಿಂತ ಪ್ರದರ್ಶನದ ವಿಡಿಯೊ ನೋಡುವುದು ಇಲ್ಲಿ ಹೆಚ್ಚು ಉಪಯುಕ್ತ. ಕಿವಿಗೆ ಅರಾಜಕತೆಯಂತೆ ಕೇಳಿಸಿದ್ದು ಕಣ್ಣಿಗೆ ಬಿಗಿಯಾದ ಶಿಸ್ತಾಗಿ ಕಾಣುತ್ತದೆ, ಮತ್ತು ಈ ಬಗೆಯ ಸಂಗೀತದ ಮನೋಧರ್ಮವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆಯನ್ನು ನಾನು ಕಂಡಿಲ್ಲ: ಫಲಿತಾಂಶವನ್ನು ಬರೆದಿಡುವುದಿಲ್ಲ, ಫಲಿತಾಂಶ ಹುಟ್ಟುವ ಸಂದರ್ಭವನ್ನು ಕಟ್ಟಿಕೊಡುತ್ತಾರೆ.

ಹಂತ 5: ಎಡಗಿವಿ, ಬಲಗಿವಿ

ಬೆಸುಗೆಯೇ ಇಲ್ಲದೆ ಎರಡನ್ನು ಅಕ್ಕಪಕ್ಕ ನಿಲ್ಲಿಸುವುದೂ ಒಂದು ವಿಧಾನ. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ 1960ರ ಡಿಸೆಂಬರ್ 21ರಂದು ಮುದ್ರಿಸಿದ ‘ಫ್ರೀ ಜಾಝ್’ ಸುಮಾರು 37 ನಿಮಿಷಗಳ ಒಂದೇ ಕೃತಿ. ಇದರಲ್ಲಿ ನಾಲ್ವರ ಎರಡು ತಂಡಗಳು ಏಕಕಾಲಕ್ಕೆ ನುಡಿಸುತ್ತವೆ, ಒಂದೊಂದು ತಂಡಕ್ಕೂ ಸ್ಟೀರಿಯೊದ ಒಂದೊಂದು ಬದಿ. ಎಡಬದಿಯಲ್ಲಿ ಕೋಲ್ಮನ್, ಡಾನ್ ಚೆರ್ರಿ, ಸ್ಕಾಟ್ ಲಫೆರೊ, ಬಿಲ್ಲಿ ಹಿಗಿನ್ಸ್. ಬಲಬದಿಯಲ್ಲಿ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬ್ಬರ್ಡ್, ಚಾರ್ಲಿ ಹೇಡನ್, ಎಡ್ ಬ್ಲ್ಯಾಕ್‌ವೆಲ್.

ಮೊದಲ ಹತ್ತು ನಿಮಿಷವನ್ನು ಬಲಗಿವಿಯ ಹೆಡ್‌ಫೋನ್ ತೆಗೆದಿಟ್ಟು ಕೇಳಿ. ಅನಂತರ ಅದೇ ಹತ್ತು ನಿಮಿಷವನ್ನು ಎಡಗಿವಿಯದನ್ನು ತೆಗೆದಿಟ್ಟು ಕೇಳಿ. ಕೊನೆಗೆ ಎರಡನ್ನೂ ಧರಿಸಿ. ಒಂದೊಂದೇ ಬದಿಯನ್ನು ಕೇಳಿದಾಗ ಸಾಕಷ್ಟು ಅಚ್ಚುಕಟ್ಟಾದ ಸಂಗೀತವೇ ಸಿಗುತ್ತದೆ. ಎರಡನ್ನೂ ಧರಿಸಿದಾಗ ಗಮನ ಒಂದು ಬದಿಯಿಂದ ಇನ್ನೊಂದಕ್ಕೆ ಓಡಾಡುತ್ತದೆ, ಮತ್ತು ಆ ಓಡಾಟವನ್ನು ತಡೆಯಬೇಕಾಗಿಲ್ಲ. ಲಫೆರೊ ಮತ್ತು ಹೇಡನ್ ಅವರ ಎರಡು ಬಾಸ್‌ಗಳು ಪರಸ್ಪರ ಮಾತಾಡಿಕೊಳ್ಳುವ ಭಾಗವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಒಂದು ಮೇಲಿನ ಸ್ವರಗಳಲ್ಲಿ ಚುರುಕಾಗಿ ಓಡುತ್ತಿದ್ದರೆ ಇನ್ನೊಂದು ಕೆಳಗೆ ತೂಕದಿಂದ ನಿಂತಿರುತ್ತದೆ.

ಹಂತ 6: ಸದ್ದನ್ನು ಸ್ವರದಂತೆ ಕೇಳುವುದು

ಇಟಲಿಯ ಲುಯಿಜಿ ರುಸ್ಸೊಲೊ 1913ರಲ್ಲೇ ಸದ್ದುಗಳ ಕಲೆಯ ಕುರಿತು ಪ್ರಣಾಳಿಕೆ ಬರೆದು, ಗುಡುಗುವ, ಸೀಟಿ ಹಾಕುವ, ಕಿರುಗುಟ್ಟುವ ಯಂತ್ರಗಳನ್ನು ಕಟ್ಟಿದ್ದರು. ಆದರೂ ಹೊಸ ಕೇಳುಗರಿಗೆ ನಾನು ಹೇಳುವುದು ಅದಕ್ಕಿಂತ ಮೃದುವಾದ ದಾರಿಯನ್ನು. 1940ರ ಸುಮಾರಿಗೆ ಅಮೆರಿಕದ ಸಂಯೋಜಕ ಜಾನ್ ಕೇಜ್ ಅವರು ನೃತ್ಯವೊಂದಕ್ಕೆ ತಾಳವಾದ್ಯಗಳ ಸಂಗೀತ ಒದಗಿಸಬೇಕಿತ್ತು. ರಂಗದಲ್ಲಿ ಅಷ್ಟು ವಾದ್ಯಗಳಿಗೆ ಜಾಗವಿರಲಿಲ್ಲ, ಇದ್ದುದು ಒಂದು ಪಿಯಾನೊ. ಅವರು ಅದರ ತಂತಿಗಳ ನಡುವೆ ವಸ್ತುಗಳನ್ನು ಸಿಕ್ಕಿಸಿ, ಪಿಯಾನೊವನ್ನೇ ತಾಳವಾದ್ಯಗಳ ಮೇಳವನ್ನಾಗಿ ಮಾಡಿದರು. 1946ರಿಂದ 48ರವರೆಗೆ ಅವರು ರಚಿಸಿದ ‘ಸೊನಾಟಾಸ್ ಆ್ಯಂಡ್ ಇಂಟರ್‌ಲೂಡ್ಸ್’ ಕೃತಿಗಾಗಿ 45 ಸ್ವರಗಳ ತಂತಿಗಳನ್ನು ತಿರುಪು, ಬೋಲ್ಟು, ರಬ್ಬರ್ ತುಂಡುಗಳಿಂದ ಹೀಗೆ ಸಜ್ಜುಗೊಳಿಸಬೇಕು. ಪಿಯಾನೊದ ಒಂದು ಮನೆಯನ್ನು ಒತ್ತಿದಾಗ ಮಂದವಾದ ಡೋಲಿನ ಪೆಟ್ಟು, ಅದರ ಪಕ್ಕದ್ದರಲ್ಲಿ ಗಂಟೆಯ ನಾದ, ಇನ್ನೊಂದರಲ್ಲಿ ಮರ ತಟ್ಟಿದ ಸಪ್ಪಳ.

ಭಾರತೀಯ ಸೌಂದರ್ಯಶಾಸ್ತ್ರದ ನಂಟು ಈ ಕೃತಿಗೆ ನೇರವಾಗಿಯೇ ಇದೆ. ಗೀತಾ ಸಾರಾಭಾಯಿ ಅವರಿಂದ ಭಾರತೀಯ ಸಂಗೀತದ ಪರಿಚಯ ಪಡೆದು, ಆನಂದ ಕುಮಾರಸ್ವಾಮಿ ಅವರ ಬರಹಗಳನ್ನು ಓದಿದ ಕೇಜ್, ಎಂಟು ಸ್ಥಾಯಿಭಾವಗಳೂ ಅವು ಶಾಂತದ ಕಡೆಗೆ ವಾಲುವುದೂ ಈ ಕೃತಿಯ ಆಶಯವೆಂದು ಹೇಳಿಕೊಂಡಿದ್ದಾರೆ. ಯಾವ ಭಾಗ ಯಾವ ರಸದ್ದು ಎಂದು ಅವರು ಗುರುತು ಹಾಕಿಲ್ಲ. ರಸದ ಪರಿಕಲ್ಪನೆ ಮೊದಲೇ ಪರಿಚಯವಿರುವ ನಮ್ಮ ಓದುಗರು ಅದನ್ನು ತಾವೇ ಊಹಿಸುತ್ತ ಕೇಳಬಹುದು. ಇಲ್ಲಿ ಎರವಲು ಬಂದದ್ದು ಸಿತಾರಿನ ದನಿಯೂ ಅಲ್ಲ, ತಬಲಾದ ತಾಳವೂ ಅಲ್ಲ, ಒಂದು ವಿಚಾರ.

ಹಂತ 7: ದನಿ ಯಾರದು?

ಬೆಸುಗೆಯನ್ನು ಕೇಳಲು ಕಲಿತ ಮೇಲೆ ಬೆಸೆಯಲ್ಪಟ್ಟವರ ಬಗ್ಗೆಯೂ ಕೇಳಲೇಬೇಕು. ಬ್ರಯನ್ ಈನೊ ಮತ್ತು ಡೇವಿಡ್ ಬರ್ನ್ ಅವರ 1981ರ ‘ಮೈ ಲೈಫ್ ಇನ್ ದ ಬುಷ್ ಆಫ್ ಗೋಸ್ಟ್ಸ್’ ಆಲ್ಬಮ್‌ನಲ್ಲಿ ರೇಡಿಯೊ ಮತ್ತು ಹಳೆಯ ಧ್ವನಿಮುದ್ರಿಕೆಗಳಿಂದ ತೆಗೆದ ದನಿಗಳನ್ನು ಲಯದ ಮೇಲೆ ಕೂರಿಸಲಾಗಿದೆ. ಕುರಾನ್ ಪಠಣವನ್ನು ಬಳಸಿದ್ದ ಒಂದು ಹಾಡನ್ನು ಆಕ್ಷೇಪ ಬಂದ ಮೇಲೆ ಮುಂದಿನ ಮುದ್ರಣಗಳಿಂದ ಕೈಬಿಡಲಾಯಿತು. ಸಂಗೀತವಾಗಿ ಆ ಆಲ್ಬಮ್ ಇಂದಿಗೂ ಚುರುಕಾಗಿಯೇ ಇದೆ. ಆದರೆ ಅದರಲ್ಲಿ ಮಾತಾಡುವವರಿಗೆ ತಾವು ಎಲ್ಲಿ ಮಾತಾಡುತ್ತಿದ್ದೇವೆಂದು ಗೊತ್ತಿರಲಿಲ್ಲ ಎಂಬ ಸಂಗತಿಯನ್ನು ಕೇಳುಗರು ಮರೆಯುವಂತಿಲ್ಲ.

ಇದರ ಪಕ್ಕದಲ್ಲಿ ಬೇರೆ ಬಗೆಯ ಸಂಬಂಧಗಳನ್ನೂ ಇಟ್ಟು ನೋಡಬೇಕು. ಟೆರ್ರಿ ರೈಲಿ 1970ರಿಂದ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾಗಿ, 1996ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ ಅವರ ಬಳಿ ಕಲಿತರು. ಆಲಿಸ್ ಕೋಲ್ಟ್ರೇನ್ ಅವರ 1971ರ ‘ಜರ್ನಿ ಇನ್ ಸಚ್ಚಿದಾನಂದ’ ಆಲ್ಬಮ್‌ನಲ್ಲಿ ತಂಬೂರಿಯ ಮೇಲೆ ಹಾರ್ಪ್, ಅದರ ಮೇಲೆ ಫೇರೋ ಸ್ಯಾಂಡರ್ಸ್ ಅವರ ಸೊಪ್ರಾನೊ ಸ್ಯಾಕ್ಸೊಫೋನ್ ಬರುತ್ತದೆ. ಆ ತಂಬೂರಿ ಅಲಂಕಾರಕ್ಕಾಗಿ ಬಂದದ್ದಲ್ಲ, ಸ್ವಾಮಿ ಸಚ್ಚಿದಾನಂದರನ್ನು ಗುರುವಾಗಿ ಸ್ವೀಕರಿಸಿದ ಬದುಕಿನಿಂದ ಬಂದದ್ದು. ಷಿಕಾಗೊದಲ್ಲಿ 1965ರಲ್ಲಿ ಸ್ಥಾಪನೆಯಾದ ಎಎಸಿಎಂ ಎಂಬ ಸಂಗೀತಗಾರರ ಸಂಘಟನೆಯೊಳಗಿಂದ ಬೆಳೆದ ‘ಆರ್ಟ್ ಆನ್ಸಾಂಬಲ್ ಆಫ್ ಷಿಕಾಗೊ’ ತಂಡ ತನ್ನ ಸಂಗೀತಕ್ಕೆ ಜಾಝ್ ಎಂಬ ಹಣೆಪಟ್ಟಿ ಸಾಲದೆಂದು, ಪ್ರಾಚೀನದಿಂದ ಭವಿಷ್ಯದವರೆಗಿನ ಮಹಾನ್ ಕಪ್ಪು ಸಂಗೀತವೆಂದು ತಾನೇ ಹೆಸರಿಟ್ಟುಕೊಂಡಿತು. ಸ್ಯಾಕ್ಸೊಫೋನ್‌ಗಳ ಜೊತೆಗೆ ಗಂಟೆ, ಸೀಟಿ, ಸೈಕಲ್ ಹಾರ್ನ್‌ನಂಥ ಪುಟ್ಟ ವಾದ್ಯಗಳೂ ಅವರ ವೇದಿಕೆ ತುಂಬ ಇರುತ್ತಿದ್ದವು. ಪ್ರಕಾರವೆಂಬುದು ಅಂಗಡಿಯವರಿಗೆ ಬರಿಯ ಕಪಾಟಿನ ಚೀಟಿಯಾಗಿರಬಹುದು. ಈ ಕಲಾವಿದರಿಗೆ ಅದು ಯಾರಿಗೆ ಯಾವ ವೇದಿಕೆ, ಎಷ್ಟು ಗೌರವ ಎಂಬುದನ್ನು ಹೊರಗಿನವರು ನಿರ್ಧರಿಸುವ ಸಾಧನವಾಗಿತ್ತು.

ಹಂತ 8: ತೂಗಿ ನೋಡುವುದು

ಪ್ರಯೋಗವೆಂದ ಮಾತ್ರಕ್ಕೆ ಎಲ್ಲವನ್ನೂ ಮೆಚ್ಚಬೇಕಾಗಿಲ್ಲ, ಮತ್ತು ಈ ಕ್ಷೇತ್ರದಲ್ಲಿ ಸೊರಗಿದ ಕೃತಿಗಳಿಗೆ ಬರವಿಲ್ಲ. ನಾನು ಬಳಸುವ ಪರೀಕ್ಷೆ ಸರಳವಾದದ್ದು. ಬೆರೆತ ಪ್ರಕಾರಗಳಲ್ಲಿ ಒಂದನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡುತ್ತೇನೆ. ಉಳಿದದ್ದು ಏನೂ ಆಗದಂತೆ ಹಾಗೇ ನಿಂತುಕೊಂಡರೆ, ತೆಗೆದದ್ದು ಒಗ್ಗರಣೆಗೆ ಬಂದದ್ದೇ ಸರಿ. ಇಡೀ ಕೃತಿ ಕುಸಿದರೆ ಅಲ್ಲಿ ಬೆಸುಗೆ ನಿಜವಾಗಿ ಹಿಡಿದಿದೆ. ‘ಫ್ರೀ ಜಾಝ್’ನ ಒಂದು ಬದಿಯನ್ನು ತೆಗೆದರೆ ಒಳ್ಳೆಯ ಸಂಗೀತವೇ ಉಳಿಯುತ್ತದೆ, ಆದ್ದರಿಂದ ಈ ಪರೀಕ್ಷೆಗೆ ಅಪವಾದಗಳೂ ಇವೆ ಎಂಬುದನ್ನು ನೆನಪಿಡಿ.

ಹಿಡಿಸದ ಕೃತಿಯನ್ನು ಕೂಡಲೇ ಪಟ್ಟಿಯಿಂದ ಅಳಿಸಬೇಡಿ. ಯಾವ ನಿಮಿಷದಲ್ಲಿ ಬೇಸರವಾಯಿತು, ಆಗ ಏನು ಕೇಳಿಸುತ್ತಿತ್ತು ಎಂದು ಒಂದು ಸಾಲು ಬರೆದಿಟ್ಟು, ಕೆಲವು ವಾರಗಳ ನಂತರ ನೇರವಾಗಿ ಆ ನಿಮಿಷದ ಸ್ವಲ್ಪ ಮುಂಚಿನಿಂದ ಕೇಳಿ. ಬೇಸರ ಅದೇ ಜಾಗದಲ್ಲಿ ಮರಳಿದರೆ ಅದು ನಿಮ್ಮ ಅಭಿರುಚಿ, ಅದಕ್ಕೆ ಕ್ಷಮೆ ಕೇಳಬೇಕಾಗಿಲ್ಲ; ಜಾಗ ಬದಲಾಗಿದ್ದರೆ ಮೂರನೆಯ ಬಾರಿ ಮೊದಲಿನಿಂದ ಕೇಳುವುದಕ್ಕೆ ಕಾರಣ ಸಿಕ್ಕಿತೆಂದೇ ಅರ್ಥ.